ಮಕ್ಕಳ ಸೂಟಿಯೂ ದೊಡ್ಡವರ ಲೆಕ್ಕವೂ

ಏಪ್ರಿಲ್ ತಿಂಗಳು ಬಂದು ಶಾಲೆಗಳಿಗೆ ಬೇಸಿಗೆಯ ಸೂಟಿ ಬಿಟ್ಟೊಡನೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ವರ್ಷ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು? ಒಂದು ತಲೆಮಾರಿನ ಹಿಂದೆ ಇದು ಪ್ರಶ್ನೆಯೇ ಆಗಿರಲಿಲ್ಲ. ಅಜ್ಜಿಯ ಊರಿತ್ತು, ಅಲ್ಲಿ ಹಳ್ಳವೂ ಮಾವಿನ ತೋಪೂ ಇದ್ದವು. ಈಗ ಎಷ್ಟೋ ಕುಟುಂಬಗಳಲ್ಲಿ ಅಜ್ಜಿಯೇ ಊರು ಬಿಟ್ಟು ಬಂದು ವಿದ್ಯಾನಗರದಲ್ಲೋ ಸಪ್ತಾಪುರದಲ್ಲೋ ಮಗನ ಮನೆಯಲ್ಲಿದ್ದಾಳೆ. ಅವಳ ಊರು ತೆರವು ಮಾಡಿದ ಸ್ಥಾನಕ್ಕೆ ಇಂದು ಥೀಮ್ ಪಾರ್ಕು ಎಂದು ಕರೆಯಿಸಿಕೊಳ್ಳುವ ವಿನೋದೋದ್ಯಾನಗಳು ಬಂದು ಕುಳಿತಿವೆ. ಬೆಂಗಳೂರಿನ ಆಚೆ, ಬಿಡದಿಯ ಬಳಿ ೨೦೦೫ರಲ್ಲಿ ವಂಡರ್‌ಲಾ ತೆರೆದ ಮೇಲೆ ಆ ಹೆಸರು ನಮ್ಮ ಕಡೆಯ ಮಕ್ಕಳ ಬಾಯಲ್ಲೂ ನೆಲೆಯೂರಿದೆ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯ ಮೂಲಕ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಅದೇ ತಿಂಗಳ ೨೭ರಂದು ಧಾರವಾಡ-ಬೆಂಗಳೂರು ವಂದೇ ಭಾರತ್ ರೈಲು ಓಡತೊಡಗಿತು. ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ ಜನರ ಮನಸ್ಸಿನಲ್ಲಿ ಬಹಳ ಹತ್ತಿರವಾಗಿದೆ.

ಸರಕಾರವೂ ಈ ಹಂಬಲವನ್ನು ಗುರುತಿಸಿದೆ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ ಸುಮಾರು ೨,೬೬೩ ಕೋಟಿ ರೂಪಾಯಿ ವೆಚ್ಚ ಮಾಡಿ ಬೆಳೆಸುವ ಯೋಜನೆಗೆ ರಾಜ್ಯದ ಸಚಿವ ಸಂಪುಟ ೨೦೨೪ರಲ್ಲಿ ಒಪ್ಪಿಗೆ ಕೊಟ್ಟಿತು. ಪತ್ರಿಕೆಗಳಲ್ಲಿ ಅದು ‘ಡಿಸ್ನಿಲ್ಯಾಂಡ್ ಮಾದರಿ’ ಎಂದೇ ಪ್ರಸಿದ್ಧವಾಯಿತು. ಮಂಡ್ಯದ ರೈತರು ಅಣೆಕಟ್ಟಿನ ಸುರಕ್ಷತೆಯ ಮಾತೆತ್ತಿ ವಿರೋಧಿಸಿದರು. ಹಣ, ಭೂಮಿ, ನೀರು, ಪ್ರವಾಸೋದ್ಯಮ ಎಲ್ಲವೂ ಚರ್ಚೆಗೆ ಬಂದವು. ಯಾವ ಮಗುವಿನ ಹೆಸರಿನಲ್ಲಿ ಇಂಥ ಉದ್ಯಾನಗಳು ಏಳುತ್ತವೆಯೋ ಆ ಮಗು ಯಾವ ವಯಸ್ಸಿನಲ್ಲಿ ಅಲ್ಲಿಗೆ ಹೋದರೆ ಅದಕ್ಕೆ ನಿಜವಾಗಿ ಏನು ದಕ್ಕೀತು ಎಂಬುದನ್ನು ಕೇಳಿದವರು ವಿರಳ. ವರ್ಷಕ್ಕೊಮ್ಮೆ ಕಷ್ಟಪಟ್ಟು ನಾಲ್ಕು ಕಾಸು ಕೂಡಿಸಿ ಪ್ರವಾಸ ಹೊರಡುವ ಕುಟುಂಬಕ್ಕೆ ಇದು ಸಣ್ಣ ಪ್ರಶ್ನೆಯಲ್ಲ.

ಮಕ್ಕಳನ್ನು ಆಟದ ಯಂತ್ರದ ಮೇಲೆ ಕೂರಿಸುವುದು ನಮಗೆ ಹೊಸದೇನೂ ಅಲ್ಲ. ಶಿವರಾತ್ರಿಯ ಸಮಯದಲ್ಲಿ ನಡೆಯುವ ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನೂ ಮರದ ಕುದುರೆಯನ್ನೂ ಏರದ ಮಗುವಿಲ್ಲ. ನಾಗರಪಂಚಮಿಗೆ ಬೇವಿನ ಮರಕ್ಕೋ ಹುಣಸೆಯ ಮರಕ್ಕೋ ಜೋಕಾಲಿ ಕಟ್ಟುವುದು ಈ ಸೀಮೆಯ ಹಳೆಯ ಪದ್ಧತಿ. ಎತ್ತರದ ಜೋಕಾಲಿ ಹರೆಯದವರಿಗೆ. ಪಡಸಾಲೆಯ ತೊಲೆಗೆ ಕಟ್ಟಿದ ಗಿಡ್ಡ ಜೋಕಾಲಿ ಚಿಕ್ಕವರಿಗೆ. ಕೂಸಿಗೆ ತಾಯಿಯ ತೊಡೆ. ಯಾವ ಮಗು ಯಾವುದಕ್ಕೆ ತಕ್ಕದ್ದು ಎಂಬುದನ್ನು ಅಳತೆಯ ಕೋಲಿಲ್ಲದೆ ಹಿರಿಯರು ಬಲ್ಲವರಾಗಿದ್ದರು. ಮಗು ಹೆದರಿದರೆ ಇಳಿಸುತ್ತಿದ್ದರು. ಅದರಿಂದ ಯಾರಿಗೂ ನಷ್ಟವಿರಲಿಲ್ಲ, ಮರುದಿನವೂ ಜೋಕಾಲಿ ಅಲ್ಲಿಯೇ ಇರುತ್ತಿತ್ತು. ಇಂದಿನ ಉದ್ಯಾನದ ವಿಷಯ ಹಾಗಲ್ಲ. ಅದು ದೂರದಲ್ಲಿದೆ, ದುಬಾರಿಯಾಗಿದೆ, ಒಂದೇ ದಿನದ್ದಾಗಿದೆ. ಆದುದರಿಂದಲೇ ‘ಎಂದು’ ಎಂಬ ಪ್ರಶ್ನೆಗೆ ಹಿಂದೆಂದೂ ಇಲ್ಲದ ತೂಕ ಬಂದಿದೆ.

*

ಈ ‘ಎಂದು’ ಎಂಬುದನ್ನು ನಮ್ಮಲ್ಲಿ ಬಹುಮಟ್ಟಿಗೆ ನಿರ್ಧರಿಸುವುದು ದರಪಟ್ಟಿ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಆಸನ ಕೇಳದಿದ್ದರೆ ಟಿಕೆಟು ಬೇಡ. ರಾಜ್ಯದ ಬಸ್ಸುಗಳಲ್ಲಿ ಆರು ವರ್ಷದವರೆಗೆ ಪ್ರಯಾಣ ಉಚಿತ, ಮುಂದೆ ಹನ್ನೆರಡರವರೆಗೆ ಅರ್ಧ. ವಂಡರ್‌ಲಾದಂಥ ಉದ್ಯಾನಗಳಲ್ಲಿ ವಯಸ್ಸನ್ನು ಕೇಳದೆ ಎತ್ತರವನ್ನು ಅಳೆದು ದರ ಹೇಳುತ್ತಾರೆ. ತೀರ ಗಿಡ್ಡ ಮಗುವಿಗೆ ಹಣವಿಲ್ಲ. ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ ಮೂರು ವರ್ಷದೊಳಗಿನವರಿಗೆ ಟಿಕೆಟಿಲ್ಲ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಮಗುವಿಗೆ ಮೂರು ತುಂಬುವ ಮುನ್ನ ಒಮ್ಮೆ ಹೋಗಿಬಿಡುವ ಲೆಕ್ಕ ಹಾಕುವುದುಂಟು. ಹೀಗೆ ಎಲ್ಲ ದರಪಟ್ಟಿಗಳೂ ಒಂದೇ ದನಿಯಲ್ಲಿ ಹೇಳುತ್ತವೆ: ಬೇಗ ಬನ್ನಿ, ಮಗು ಬೆಳೆದರೆ ಹಣ ಹೆಚ್ಚು.

ಮಗುವಿನ ಬೆಳವಣಿಗೆಯ ಪಂಚಾಂಗ ಬೇರೆಯೇ ಇದೆ. ಮೊದಲು ದೇಹವನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಕೋಷ್ಟಕಗಳಲ್ಲಿ ಎರಡು ವರ್ಷದ ಮಗುವಿನ ನಡುಮಟ್ಟದ ಎತ್ತರ ಸುಮಾರು ೮೭ ಸೆಂಟಿಮೀಟರ್. ಐದು ವರ್ಷಕ್ಕೆ ಸುಮಾರು ೧೧೦. ೧೪೦ ಮುಟ್ಟುವುದು ಹತ್ತು ತುಂಬಿದ ಮೇಲೆ. ದೊಡ್ಡ ಸವಾರಿಗಳಿಗೆ ೧೨೦ರಿಂದ ೧೪೦ ಸೆಂಟಿಮೀಟರ್ ಎತ್ತರ ಕೇಳುವುದು ಇಂಥ ಸ್ಥಳಗಳಲ್ಲಿ ಸಾಮಾನ್ಯ. ಅಂದಮೇಲೆ ಹಣವಿಲ್ಲದೆ ಒಳಹೊಕ್ಕ ಮಗುವಿಗೆ ಆ ಉದ್ಯಾನದ ಬಹುಭಾಗ ಮುಚ್ಚಿದ ಬಾಗಿಲೇ. ಕೆಲವರು ಮಗುವಿಗೆ ದಪ್ಪ ಅಟ್ಟೆಯ ಬೂಟು ತೊಡಿಸಿ, ತುದಿಗಾಲ ಮೇಲೆ ನಿಲ್ಲಿಸಿ ಅಳತೆಯ ಗೆರೆ ದಾಟಿಸಲು ನೋಡುತ್ತಾರೆ. ಆ ಗೆರೆ ಮಗುವನ್ನು ಕಾಯುವ ಬೇಲಿ. ಸವಾರಿಯ ಪಟ್ಟಿಯೂ ಸರಳೂ ಒಂದು ಮೈಗಟ್ಟನ್ನು ಗಮನದಲ್ಲಿಟ್ಟು ಮಾಡಿದವು. ಅದಕ್ಕಿಂತ ಚಿಕ್ಕ ದೇಹವನ್ನು ಅವು ಹಿಡಿದು ನಿಲ್ಲಿಸಲಾರವು.

ಎರಡನೆಯದು ನೆನಪು. ನಮ್ಮ ಬದುಕಿನ ಮೊದಲ ಮೂರು ವರ್ಷಗಳಲ್ಲಿ ನಡೆದದ್ದು ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿಲ್ಲ. ಕಳೆದ ಶತಮಾನದ ಆರಂಭದಲ್ಲಿಯೇ ಫ್ರಾಯ್ಡ್ ಈ ಶೈಶವದ ಮರೆವಿನತ್ತ ವಿದ್ವಾಂಸರ ಗಮನ ಸೆಳೆದಿದ್ದನು. ಈ ವಿಷಯದಲ್ಲಿ ನಡೆದ ಒಂದು ಅಧ್ಯಯನ ನಮ್ಮ ಪ್ರಶ್ನೆಗೆ ತೀರ ಸಮೀಪದ್ದು. ಹ್ಯಾಮಂಡ್ ಮತ್ತು ಫಿವುಶ್ ಎಂಬ ಸಂಶೋಧಕರು ೧೯೯೧ರಲ್ಲಿ, ಡಿಸ್ನಿ ಉದ್ಯಾನಕ್ಕೆ ಹೋಗಿ ಬಂದ ಚಿಕ್ಕ ಮಕ್ಕಳನ್ನು ಮಾತಾಡಿಸಿದ ವಿವರವನ್ನು ಪ್ರಕಟಿಸಿದರು. ಹೋದಾಗ ಕೆಲವರಿಗೆ ವಯಸ್ಸು ಮೂರರ ಆಸುಪಾಸು, ಕೆಲವರಿಗೆ ನಾಲ್ಕರ ಆಸುಪಾಸು. ಕೆಲವರನ್ನು ಆರು ತಿಂಗಳ ಮೇಲೆ, ಕೆಲವರನ್ನು ಒಂದೂವರೆ ವರ್ಷದ ಮೇಲೆ ಕೇಳಿದರು. ಮೂರು ವರ್ಷದವರೂ ಸಾಕಷ್ಟನ್ನು ಸರಿಯಾಗಿ ನೆನೆದರು. ದೊಡ್ಡವರು ಹೆಚ್ಚು ವಿವರವಾಗಿ ಹೇಳಿದರು. ಯಾವ ಮನೆಯಲ್ಲಿ ಆ ಪ್ರವಾಸದ ಮಾತು ಮೇಲಿಂದ ಮೇಲೆ ಬರುತ್ತಿತ್ತೋ ಆ ಮನೆಯ ಮಕ್ಕಳ ನೆನಪು ಹೆಚ್ಚು ತುಂಬಿಕೊಂಡಿತ್ತು.

ಇಷ್ಟನ್ನೇ ಓದಿ ಮೂರು ವರ್ಷದ ಮಗುವಿನ ತಂದೆ ಹಿಗ್ಗಬೇಕಾಗಿಲ್ಲ. ೨೦೧೪ರಲ್ಲಿ ಬಾವರ್ ಮತ್ತು ಲಾರ್ಕಿನಾ ಪ್ರಕಟಿಸಿದ ಇನ್ನೊಂದು ಅಧ್ಯಯನ ಮುಂದಿನ ಕಥೆಯನ್ನು ಹೇಳುತ್ತದೆ. ಮೂರನೆಯ ವಯಸ್ಸಿನಲ್ಲಿ ತಾಯಂದಿರೊಡನೆ ಮಾತಾಡಿದ್ದ ಘಟನೆಗಳಲ್ಲಿ ಶೇಕಡಾ ಅರವತ್ತಕ್ಕೂ ಹೆಚ್ಚನ್ನು ಮಕ್ಕಳು ಐದರಿಂದ ಏಳರವರೆಗೆ ನೆನೆಯುತ್ತಿದ್ದರು. ಎಂಟು-ಒಂಬತ್ತಕ್ಕೆ ಬಂದಾಗ ಆ ಪ್ರಮಾಣ ಶೇಕಡಾ ನಲವತ್ತಕ್ಕಿಂತ ಕೆಳಗಿಳಿದಿತ್ತು. ಮೂರರ ಮಗು ನೆನಪನ್ನು ಹಿಡಿಯುತ್ತದೆ. ಬೆಳೆಯುತ್ತ ಅದನ್ನು ಕಳೆದುಕೊಳ್ಳುತ್ತದೆ. ಭಾಷೆ ಬಲಿತು, ‘ಮೊದಲು ಹೀಗಾಯಿತು, ಆಮೇಲೆ ಹೀಗಾಯಿತು’ ಎಂದು ಕಥೆ ಕಟ್ಟುವ ಶಕ್ತಿ ಬಂದ ಮೇಲೆ ನೋಡಿದ್ದು ಬಹುಕಾಲ ಉಳಿಯುತ್ತದೆ.

ದರಪಟ್ಟಿ ಐದರೊಳಗೆ ಹೊರಡಿ ಎನ್ನುತ್ತದೆ. ದೇಹವೂ ನೆನಪೂ ಐದು ದಾಟಲಿ ಎನ್ನುತ್ತವೆ. ಎರಡರ ನಡುವೆ ಸಿಕ್ಕವರು ತಂದೆತಾಯಿಗಳು.

*

ಇಲ್ಲೊಂದು ಆಕ್ಷೇಪ ಬರಬಹುದು. ನೆನಪಿಗಾಗಿಯೇ ಎಲ್ಲವನ್ನೂ ಮಾಡಬೇಕೇ? ಎರಡು ವರ್ಷದ ಕೂಸು ನೀರಿನಲ್ಲಿ ಕೈ ಬಡಿದು ಕೇಕೆ ಹಾಕಿದರೆ ಆ ಗಳಿಗೆಯ ಸಂತೋಷಕ್ಕೆ ಬೆಲೆಯಿಲ್ಲವೇ? ಖಂಡಿತವಾಗಿಯೂ ಇದೆ. ಆದರೆ ಆ ಕೇಕೆಗೆ ಬಿಡದಿಯೇ ಬೇಕಾಗಿಲ್ಲ. ಹಿತ್ತಲಿನ ಹಂಡೆಯ ನೀರೂ ಸಾಕು. ಕೂಸಿನ ಸಂತೋಷ ಖರ್ಚಿನ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಖರ್ಚಿನ ಪ್ರಮಾಣದಲ್ಲಿ ಬೆಳೆಯುವುದು ದೊಡ್ಡವರ ನಿರೀಕ್ಷೆ.

ಅಪಾಯವಿರುವುದೂ ಅಲ್ಲಿಯೇ. ಯಾವುದೇ ವಿನೋದೋದ್ಯಾನದಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಸುತ್ತ ನೋಡಿದರೆ ಒಂದು ದೃಶ್ಯ ಕಾಣದಿರದು. ಹಿಂದಿನ ರಾತ್ರಿಯ ಪ್ರಯಾಣ, ತಪ್ಪಿದ ನಿದ್ದೆ, ಬಿಸಿಲು, ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ದಣಿವು ಇವೆಲ್ಲ ಕೂಡಿ ನಾಲ್ಕು ವರ್ಷದ ಮಗು ನೆಲಕ್ಕೆ ಕುಳಿತು ಅಳುತ್ತಿರುತ್ತದೆ. ಎದುರಿಗೆ ತಂದೆ ನಿಂತು, ‘ಇಷ್ಟು ರೊಕ್ಕಾ ಕೊಟ್ಟು ಕರಕೊಂಡು ಬಂದ್ರ ಅಳ್ತೀಯಲ್ಲ’ ಎಂದು ಗದರುತ್ತಿರುತ್ತಾನೆ. ಆ ತಂದೆ ಕೆಟ್ಟವನಲ್ಲ. ತಿಂಗಳ ಸಂಬಳದ ದೊಡ್ಡ ಭಾಗವನ್ನು ಆ ಒಂದು ದಿನಕ್ಕೆ ಇಟ್ಟವನು. ಆದರೆ ಆ ಒಂದು ಮಾತಿನಿಂದ ಉಡುಗೊರೆ ಸಾಲವಾಗಿ ಮಾರ್ಪಟ್ಟಿತು. ಮಗು ಕೇಳದ ಸಾಲ ಅದು, ಸಂತೋಷದ ನಾಣ್ಯದಲ್ಲಿಯೇ ತೀರಿಸಬೇಕಾದ ಸಾಲ. ತೀರಿಸಲಾರದೆ ಮಗು ಅಳುತ್ತದೆ. ಅಕಾಲದ ಪ್ರವಾಸದಿಂದ ಆಗುವ ನಿಜವಾದ ನಷ್ಟ ಹಣದ್ದಲ್ಲ, ಇದು.

ನಮ್ಮ ಅವಸರ ಆಟಕ್ಕೆ ಮಾತ್ರ ಸೀಮಿತವಾಗಿಲ್ಲ ಎಂಬುದನ್ನೂ ಗಮನಿಸಬೇಕು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ ೧ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರಕಾರ ತಂದಾಗ ಪಾಲಕರಿಂದಲೇ ಒತ್ತಡ ಬಂದಿತು. ೨೦೨೫-೨೬ನೆಯ ಸಾಲಿಗೆ ಮಾತ್ರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಬೇಕಾಯಿತು. ಪಾಟಿಯನ್ನೂ ಬೇಗ ಹಿಡಿಸಬೇಕು, ತೊಟ್ಟಿಲನ್ನೂ ಬೇಗ ಏರಿಸಬೇಕು. ನೆರೆಮನೆಯ ಮಗು ಹೋಗಿ ಬಂದ ಚಿತ್ರಗಳು ಮೊಬೈಲಿನಲ್ಲಿ ಕಂಡ ಸಂಜೆಯೇ ನಮ್ಮ ಮನೆಯ ಮಗು ಹಿಂದೆ ಬಿದ್ದಂತೆ ತೋರುತ್ತದೆ.

ಹಾಗೆಂದು ಬೇಗ ಹೊರಡುವವರ ಕಾರಣಗಳೆಲ್ಲ ಹುರುಳಿಲ್ಲದವಲ್ಲ. ಶಾಲೆ ಸೇರದ ಮಗುವನ್ನು ಜನಸಂದಣಿಯಿಲ್ಲದ ಸಾಮಾನ್ಯ ದಿನ ಕರೆದೊಯ್ಯಬಹುದು. ಶಾಲೆ ಸೇರಿದ ಮೇಲೆ ಬೇಸಿಗೆ ಅಥವಾ ದಸರೆಯ ಸೂಟಿಯೇ ಗತಿ, ಆಗ ಇಡೀ ರಾಜ್ಯವೇ ಅಲ್ಲಿ ಸಾಲು ನಿಂತಿರುತ್ತದೆ. ಅಜ್ಜ-ಅಜ್ಜಿ ಕೈಕಾಲು ಗಟ್ಟಿ ಇರುವಾಗಲೇ ಎಲ್ಲರೂ ಒಮ್ಮೆ ಕೂಡಿ ಹೋಗಬೇಕೆಂಬ ಆಸೆಗೆ ಕಾಯುವ ಸಮಯವಿರುವುದಿಲ್ಲ. ಒಂಬತ್ತು ವರ್ಷದ ಅಕ್ಕ ಮತ್ತು ಮೂರು ವರ್ಷದ ತಮ್ಮ ಇರುವ ಮನೆಯಲ್ಲಿ ತಮ್ಮನಿಗಾಗಿ ಕಾಯ್ದರೆ ಅಕ್ಕನ ಹೊತ್ತು ಮೀರುತ್ತದೆ. ಇಂಥ ಮನೆಯವರು ಅಕ್ಕನ ವಯಸ್ಸಿಗೆ ತಕ್ಕಂತೆ ಹೊರಡಲಿ. ಆದರೆ ಚಿಕ್ಕವನ ನಿದ್ದೆಗೂ ನೆರಳಿಗೂ ಒಬ್ಬ ಹಿರಿಯರನ್ನು ಮೀಸಲಿಡಲಿ, ಅವನಿಂದ ಏನನ್ನೂ ನಿರೀಕ್ಷಿಸದಿರಲಿ. ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳು ತಿರುಗುವ ಕುದುರೆಯ ಮೇಲೆ ಆಡುತ್ತಿದ್ದಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾಗಿತ್ತೆಂದೂ, ಹಿರಿಯರೂ ಕಿರಿಯರೂ ಕೂಡಿ ನಲಿಯುವ ಸ್ಥಳ ಬೇಕೆಂಬ ಯೋಚನೆ ಆಗ ಬಂದಿತೆಂದೂ ಹೇಳುತ್ತಿದ್ದನು. ೧೯೫೫ರ ಜುಲೈ ೧೭ರಂದು ತೆರೆದ ಡಿಸ್ನಿಲ್ಯಾಂಡ್ ಮೊದಲಿನಿಂದಲೂ ದೊಡ್ಡವರದೂ ಹೌದು. ನಾವು ನಮ್ಮ ಸಂತೋಷಕ್ಕೆ ಹೋಗುವುದರಲ್ಲಿ ತಪ್ಪೇನಿಲ್ಲ. ಅದನ್ನು ಮಗುವಿನ ಖಾತೆಗೆ ಬರೆಯಬಾರದು, ಅಷ್ಟೆ.

*

ಹಾಗಾದರೆ ತಕ್ಕ ಸಮಯ ಯಾವುದು? ಒಂದು ವಯಸ್ಸನ್ನು ಹೇಳಲೇಬೇಕೆಂದರೆ ಆರು-ಏಳರಿಂದ ಹತ್ತು-ಹನ್ನೊಂದರ ನಡುವಣ ಕಾಲವೆನ್ನಬಹುದು. ವಯಸ್ಸಿಗಿಂತ ಮಗುವಿನ ನಡೆಯನ್ನು ನೋಡುವುದು ಮೇಲು. ಹಗಲು ನಿದ್ದೆಯಿಲ್ಲದೆ ದಿನ ಕಳೆಯಬಲ್ಲುದೇ? ತನ್ನ ಸರದಿಗೆ ಕಾಯಬಲ್ಲುದೇ? ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ತನ್ನ ಹೆಸರು, ತಂದೆತಾಯಿಯ ಹೆಸರು, ಊರು ಹೇಳಬಲ್ಲುದೇ? ಹೆದರಿಕೆಯಾದಾಗ ‘ನಾ ಒಲ್ಲೆ’ ಎನ್ನಬಲ್ಲುದೇ? ಕೊನೆಯದಾಗಿ, ನಿನ್ನೆ ನಡೆದದ್ದನ್ನು ಇಂದು ಬೇರೊಬ್ಬರಿಗೆ ಕಥೆಯಾಗಿ ಹೇಳಬಲ್ಲುದೇ? ಈ ಐದಕ್ಕೂ ಹೌದೆಂಬ ಉತ್ತರ ಬಂದ ದಿನ ಚೀಲ ಕಟ್ಟಬಹುದು.

ಅಲ್ಲಿಯವರೆಗೆ ಮಗುವನ್ನು ಮನೆಯಲ್ಲಿ ಕೂಡಿಹಾಕಬೇಕಾಗಿಲ್ಲ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ೨೦೨೦ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮೂರು ವರ್ಷದ ಮಗುವಿಗೆ ಹಳೆಯ ಎಂಜಿನ್ನಿನ ಗಾಲಿಗಿಂತ ದೊಡ್ಡ ಸೋಜಿಗ ಬೇಕಿಲ್ಲ. ೨೦೨೩ರಲ್ಲಿ ಉದ್ಘಾಟನೆಯಾದ, ಒಂದೂವರೆ ಕಿಲೋಮೀಟರ್ ಉದ್ದದ ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬರುವ ಹೋಗುವ ಗಾಡಿ ನೋಡುವುದೂ ಒಂದು ಪ್ರವಾಸವೇ. ಉಣಕಲ್ ಕೆರೆಯ ದಂಡೆ, ಧಾರವಾಡದ ಸಾಧನಕೇರಿ, ವಿಶ್ವವಿದ್ಯಾಲಯದ ಆವರಣದ ವಿಜ್ಞಾನ ಕೇಂದ್ರ ಇವು ಒಂದು ಸಂಜೆಯ ದಾರಿ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬಾಳೇ ಆಳೆತ್ತರದ ಪ್ರತಿಮೆಗಳಾಗಿ ನಿಂತಿದೆ. ಮಗು ಅಲ್ಲಿ ದಣಿದು ಅತ್ತರೆ ಎತ್ತಿಕೊಂಡು ಮನೆಗೆ ಬರಬಹುದು. ಯಾರೂ ಯಾರಿಗೂ ಸಾಲಗಾರರಲ್ಲ.

ಇನ್ನೊಂದು ಕೆಲಸ ಹಿರಿಯರ ಪಾಲಿಗೆ ಉಳಿಯುತ್ತದೆ. ಹತ್ತಿರವೇ ಹೋಗಲಿ, ದೂರವೇ ಹೋಗಲಿ, ಬಂದ ಮೇಲೆ ಆ ಮಾತನ್ನು ಮನೆಯಲ್ಲಿ ಬಾಳಿಸಬೇಕು. ರಾತ್ರಿ ಊಟದ ಹೊತ್ತಿಗೆ ‘ಅಲ್ಲಿ ಏನೇನು ಕಂಡೆ, ಅಜ್ಜಿಗೆ ಹೇಳು’ ಎಂದು ಕೇಳಿದರೆ ಸಾಕು. ಮಗು ಹೇಳುತ್ತ ಹೇಳುತ್ತ ತನ್ನ ನೆನಪನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೊಬೈಲಿನಲ್ಲಿ ತುಂಬಿದ ನೂರಾರು ಚಿತ್ರಗಳು ಇದನ್ನು ಮಾಡಲಾರವು. ಬಿಡದಿಗೆ ಹೋಗಲು ಎಂದೂ ಹಣ ಒದಗದ ಮನೆಗಳೂ ನಮ್ಮ ನಗರದಲ್ಲಿ ಸಾವಿರಾರಿವೆ. ಮಗುವಿನ ಮಾತಿಗೆ ಕಿವಿಗೊಡುವುದಕ್ಕೆ ಅವರೂ ಹಣ ಕೊಡಬೇಕಾಗಿಲ್ಲ. ಈ ಸೂಟಿಯಲ್ಲಿ ಪ್ರವಾಸದ ಲೆಕ್ಕ ಹಾಕುತ್ತಿರುವ ಪಾಲಕರು ಟಿಕೆಟಿನ ದರ ನೋಡುವ ಮೊದಲು ತಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು ನಿನ್ನೆಯ ಸುದ್ದಿಯನ್ನೊಮ್ಮೆ ಕೇಳಲಿ. ಹೊರಡಬೇಕೋ ಕಾಯಬೇಕೋ ಎಂಬುದಕ್ಕೆ ಉತ್ತರ ಅಲ್ಲಿಯೇ ದೊರೆತೀತು.