ಮೂರು ಹೊಳೆಯ ಜಿಲ್ಲೆ, ಈಸು ಬಾರದ ಮಕ್ಕಳು

ಬಾಗಲಕೋಟೆ: ಕೃಷ್ಣೆ, ಘಟಪ್ರಭೆ, ಮಲಪ್ರಭೆ ಹರಿಯುವ ಜಿಲ್ಲೆ ಇದು. ಆಲಮಟ್ಟಿ ತುಂಬಿತೆಂದರೆ ಹಿನ್ನೀರು ಹಳೇ ಬಾಗಲಕೋಟೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಎಷ್ಟೋ ಮನೆಗಳವರು ಗಂಟುಮೂಟೆ ಕಟ್ಟಿ ನವನಗರಕ್ಕೆ ಹೋದದ್ದೂ ಇದೇ ನೀರಿನ ದೆಸೆಯಿಂದ. ಆದರೂ "ನಿಮ್ಮ ಹುಡುಗಗ ಈಸು ಬರ್ತದೇನ್ರಿ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ. "ಹೊಳಿ ಕಡೆ ಹೋಗಬ್ಯಾಡ ಅಂತ ತಾಕೀತ ಮಾಡೇವ್ರಿ" ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಹಿಂದೆ ಹೊಲದ ಬಾವಿಯೇ ಶಾಲೆ, ಅಪ್ಪನೋ ಕಾಕಾನೋ ಮಾಸ್ತರ. ಬೆನ್ನಿಗೆ ಒಣ ಸೋರೆ ಬುರುಡೆ, ನಡುವಿಗೆ ಹಗ್ಗ ಕಟ್ಟಿ ನೀರಿಗಿಳಿಸುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಬಾವಿ ಬತ್ತಿದವು, ಕಲಿಸುವವರೂ ಕಡಿಮೆಯಾದರು. ನೀರಿನ ಅಪಾಯ ಮಾತ್ರ ಹೋಗಿಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಎರಡು ಹೊಳೆ ಕೂಡುತ್ತವೆ. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥವಿದೆ. ಇಳಕಲ್ಲ ಕಡೆ ಕಲ್ಲು ತೆಗೆದ ಗುಂಡಿಗಳು ಮಳೆಗಾಲದಲ್ಲಿ ತುಂಬುತ್ತವೆ. ಬೇಡವೆಂದರೂ ಹುಡುಗರು ನೀರಿಗೆ ಹೋಗಿಯೇ ಹೋಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಶಾಲೆ ಮಕ್ಕಳಿಗೆ ಈಜು ಕಲಿಸಿರಿ ಎಂಬುದು ಆ ಸಂಸ್ಥೆಯ ಸಲಹೆ.

ಜೀವ ಉಳಿಸುವ ಈ ವಿದ್ಯೆಯೇ ಒಳ್ಳೆಯ ಆಟವೂ ಹೌದು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲ್ಲೆಟ್ ಚಿಕ್ಕಂದಿನಲ್ಲಿ ಮುಳುಗುವುದರಿಂದ ಪಾರಾದವರು. ಆ ಅಂಜಿಕೆ ಬಿಡಿಸಲೆಂದೇ ತಂದೆ ಈಜಿಗೆ ಹಚ್ಚಿದರು. ಶ್ರೀಹರಿ ನಟರಾಜ್ 2021ರಲ್ಲಿ ಟೋಕಿಯೋಕ್ಕೂ, 2024ರಲ್ಲಿ ಪ್ಯಾರಿಸ್‌ಗೂ ಹೋದರು. ಪ್ಯಾರಿಸ್‌ನಲ್ಲಿ ಈಜಿದ ಧಿನಿಧಿ ದೇಸಿಂಗುಗೆ ಆಗ ಬರೀ 14 ವರ್ಷ. ಮೂವರೂ ಬೆಂಗಳೂರಿನಲ್ಲಿ ಪಳಗಿದವರು. ಬೆಂಗಳೂರಿಗೆ ಕೃಷ್ಣೆಯಂಥ ಹೊಳೆಯಿಲ್ಲ. ಆದರೆ ಕೊಳ ಉಂಟು, ಕೋಚ್ ಉಂಟು, ನಸುಕಿನಲ್ಲಿ ಮಕ್ಕಳನ್ನೆಬ್ಬಿಸಿ ಕರೆದೊಯ್ಯುವ ಹೆತ್ತವರುಂಟು. ನೀರಿದ್ದರಷ್ಟೇ ಈಜುಗಾರ ಹುಟ್ಟುವುದಿಲ್ಲ. ಉಸಿರು ಯಾವಾಗ ಬಿಡಬೇಕು, ಕೈಕಾಲು ಹೇಗೆ ಹಾಕಬೇಕು ಎಂದು ತಿದ್ದುವ ಗುರು ಬೇಕು.

ಇದು ಬರೀ ಹುಡುಗರ ಆಟವಲ್ಲ. ದಿನವೆಲ್ಲ ಗಲ್ಲಾದ ಮುಂದೆ ಕೂತ ಅಂಗಡಿಕಾರನಿಗೂ, ಮಗ್ಗದ ಮೇಲೆ ಬೆನ್ನು ಬಗ್ಗಿಸುವ ಇಳಕಲ್ಲ ನೇಕಾರನಿಗೂ ಒಳ್ಳೆ ವ್ಯಾಯಾಮ. ಮೈಭಾರ ನೀರೇ ಹೊರುವುದರಿಂದ ಮಣಕಾಲಿಗೆ ಪೆಟ್ಟಿಲ್ಲ. ಎದೆ, ಭುಜ, ಬೆನ್ನು, ಕಾಲು ಎಲ್ಲಕ್ಕೂ ಕೆಲಸ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ತಾಸು ಈಜಿದರೆ ದೊಡ್ಡವರಿಗೆ ವೈದ್ಯರು ಹೇಳುವ 150 ನಿಮಿಷದ ವ್ಯಾಯಾಮ ಮುಗಿಯಿತು.

ಆದರೆ ಈಸು ಬರ್ತದ ಅಂತ ಮಹಾಪೂರಕ್ಕೆ ಜಿಗಿಯುವುದು ಶೂರತನವಲ್ಲ. ಮುಳುಗುವವನನ್ನು ಕಂಡರೆ ತಾನೂ ಹಾರದೆ ಹಗ್ಗ, ಧೋತರ, ಸೀರೆ, ಖಾಲಿ ಕೊಡ, ಸಿಕ್ಕದ್ದನ್ನು ಎಸೆಯಬೇಕು. ಇಬ್ಬರು ಹೋಗುವುದಕ್ಕಿಂತ ಒಬ್ಬನನ್ನು ಎಳೆಯುವುದು ಜಾಣತನ. ಇದನ್ನೂ ಈಜಿನ ಜೊತೆಗೇ ಕಲಿಸಬೇಕು.

ಇನ್ನು ಹೆಣ್ಣುಮಕ್ಕಳ ಮಾತು. ಬಟ್ಟೆ ಒಗೆಯಲು, ನೀರು ತರಲು ಹೊಳೆಗೆ ಇಳಿಯುವವರು ಅವರು. ಈಸು ಕಲಿಯುವ ಸರದಿ ಬಂದಾಗ ಮಾತ್ರ ದಂಡೆಯ ಮೇಲೆ! ಅವರಿಗೆ ಬೇರೆ ವೇಳೆ, ಕಲಿಸಲು ಹೆಣ್ಣುಮಕ್ಕಳೇ ಸಿಕ್ಕರೆ ಎಷ್ಟೋ ಮನೆಗಳ ಹಿಂಜರಿಕೆ ತಪ್ಪೀತು.

ತಾಲೂಕಿಗೊಂದು ಕೊಳ, ಕೊಳಕ್ಕೊಬ್ಬ ಕೋಚ್, ಬಡವರ ಕೈಗೆಟಕುವ ಫೀ, ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ತಾಸು. ಕೇಳಬೇಕಾದದ್ದು ಇಷ್ಟೇ. ಓಟು ಕೇಳಲು ಬಂದವರ ಮುಂದೆ ರಸ್ತೆ, ಗಟಾರದ ಜೊತೆ ಈ ಮಾತನ್ನೂ ಇಡಿ. ಮಗನಿಗೆ ಸೈಕಲ್ ಕಲಿಸುವ ಅಪ್ಪ, ಈಸು ಕಲಿಸಲು ಯಾಕೆ ಹಿಂದೇಟು ಹಾಕಬೇಕು? ಮುಂದಿನ ಮಳೆಗಾಲ ಬರುವುದರೊಳಗೆ ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?