ಖಳನಾಯಕನ ಆಕರ್ಷಣೆ

ಊರಿನ ಟೆಂಟಿಗೆ ಹೊಸ ಚಲನಚಿತ್ರ ಬಂದರೆ ಸಾಕು, ಮರುದಿನ ನನ್ನ ತರಗತಿಯ ಹುಡುಗರು ನಾಯಕನನ್ನು ಬಿಟ್ಟು ಖಳನಾಯಕನನ್ನೇ ಅನುಕರಿಸುತ್ತಿದ್ದರು. ಅವನ ನಡಿಗೆ, ಓರೆನೋಟ, ತಣ್ಣನೆಯ ಮಾತು ಎಲ್ಲವೂ ಅವರಿಗೆ ಕರಗತವಾಗಿರುತ್ತಿದ್ದವು. ಆಗ ನಾನು ಗದರಿಸುತ್ತಿದ್ದೆ. ಗದರಿಸಿದ್ದು ತಪ್ಪೆಂದು ಈಗ ಅನ್ನಿಸುತ್ತದೆ. ಕೆಟ್ಟವನನ್ನು ಕುತೂಹಲದಿಂದ ನೋಡುವುದು ದೋಷವೇನೂ ಅಲ್ಲ. ಆ ಕುತೂಹಲ ಏಕೆ ಹುಟ್ಟಿತೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಕಣ್ಣು ಕೆರಳಿಸಿ ಅಬ್ಬರಿಸುವ ಖಳನನ್ನು ನಾವು ಬೇಗನೆ ಮರೆಯುತ್ತೇವೆ. ಕೋಪವನ್ನು ನುಂಗಿಕೊಂಡು, ಪದವಿಯ ಮೇಲೆ ಕಣ್ಣಿಟ್ಟು, ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವವನನ್ನು ಮರೆಯಲಾರೆವು. ಷೇಕ್ಸ್‌ಪಿಯರನ ನಾಟಕವನ್ನು ಆಧರಿಸಿ ಲಾರೆನ್ಸ್ ಒಲಿವಿಯರ್ 1955ರಲ್ಲಿ ನಿರ್ದೇಶಿಸಿ, ತಾನೇ ಮುಖ್ಯ ಪಾತ್ರವನ್ನು ವಹಿಸಿದ ‘ರಿಚರ್ಡ್ ದಿ ಥರ್ಡ್’ ಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ.

ರಿಚರ್ಡ್ ಇಂಗ್ಲೆಂಡಿನ ದೊರೆಯ ತಮ್ಮ. ಅವನಿಗೂ ಸಿಂಹಾಸನಕ್ಕೂ ನಡುವೆ ಇಬ್ಬರು ಅಣ್ಣಂದಿರಿದ್ದಾರೆ, ಅವರ ಮಕ್ಕಳಿದ್ದಾರೆ. ಅವನು ಕ್ಯಾಮೆರಾದತ್ತ ನೇರವಾಗಿ ನೋಡಿ ತನ್ನ ಸಂಚನ್ನು ನಮಗೆ ಮಾತ್ರ ಹೇಳುತ್ತಾನೆ. ಬಳಿಕ, ಆ ಸಂಚಿನಿಂದಲೇ ಸೆರೆಯಾದ ಅಣ್ಣನನ್ನು ಪ್ರೀತಿಯಿಂದ ಸಂತೈಸುತ್ತಾನೆ. ಅಣ್ಣನಿಗೆ ತಿಳಿಯದ ಸತ್ಯ ನಮಗೆ ತಿಳಿದಿದೆ. ಮುಂದೇನಾಗುವುದೋ ಎಂಬ ಕಾತರದಲ್ಲಿ ನಾವು ಅವನ ಜಾಣ್ಮೆಗೆ ತಲೆದೂಗುತ್ತೇವೆ. ನಮಗರಿವಿಲ್ಲದೆಯೇ ಅವನ ಗುಟ್ಟಿನಲ್ಲಿ ಪಾಲುಗಾರರಾಗುತ್ತೇವೆ.

ಎಳೆಯ ರಾಜಕುಮಾರರಿಬ್ಬರನ್ನು ಅವನು ಕೊಲ್ಲಿಸಿದಾಗ ನಾವು ಬೆಚ್ಚಿಬೀಳುತ್ತೇವೆ. ಇಷ್ಟು ಹೊತ್ತು ಯಾರ ಪಕ್ಷದಲ್ಲಿ ಕುಳಿತಿದ್ದೆವು? ಕೊನೆಗೆ ಯಾವ ರಾಜ್ಯಕ್ಕಾಗಿ ಅಷ್ಟು ರಕ್ತ ಹರಿಸಿದನೋ, ಅದನ್ನೇ ಒಂದು ಕುದುರೆಗಾಗಿ ಕೊಡಲು ರಣರಂಗದಲ್ಲಿ ಸಿದ್ಧನಾಗುತ್ತಾನೆ. ಮನುಷ್ಯರನ್ನೆಲ್ಲ ಮೆಟ್ಟಿಲುಗಳೆಂದು ಎಣಿಸಿದವನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಇದು ನಾಟಕದ ರಿಚರ್ಡನ ಕಥೆ. 1485ರ ಬಾಸ್‌ವರ್ತ್ ಕಾಳಗದಲ್ಲಿ ಮಡಿದ ಚರಿತ್ರೆಯ ದೊರೆಯೇ ಆ ಮಕ್ಕಳನ್ನು ಕೊಲ್ಲಿಸಿದನೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಒಮ್ಮತವಿಲ್ಲ.

ಆದರೆ ಚಿತ್ರ ಕಲಿಸುವ ಪಾಠ ನಮ್ಮನ್ನು ಕುರಿತದ್ದು. ಬುದ್ಧಿವಂತನೊಬ್ಬ ನಯವಾದ ಮಾತಿನಿಂದ ಮುಗ್ಧನೊಬ್ಬನನ್ನು ವಂಚಿಸುವಾಗ, ಶಾಲೆಯ ಅಂಗಳದಲ್ಲಿಯೇ ಆಗಲಿ ಸಂತೆಯಲ್ಲಿಯೇ ಆಗಲಿ, ನಾವು ನಕ್ಕು ಸುಮ್ಮನಾಗುವುದುಂಟಲ್ಲವೇ? ಆ ಮೌನವೂ ವಂಚನೆಯ ಒಂದು ಪಾಲು. ಒಳ್ಳೆಯ ಕಲಾವಿದನು ಖಳನ ಮೂಲಕ ಈ ಸತ್ಯವನ್ನು ನಮಗೆ ತೋರಿಸಿಕೊಡುತ್ತಾನೆ.

ವಿದ್ಯಾರ್ಥಿಗಳೇ, ಖಳನಾಯಕನನ್ನು ಕಣ್ತುಂಬ ನೋಡಿರಿ. ಆದರೆ ಅವನಿಗೆ ಎಲ್ಲೆಲ್ಲಿ ತಲೆದೂಗಿದಿರೆಂಬುದನ್ನು ಮನೆಗೆ ಮರಳುವಾಗ ಒಮ್ಮೆ ನೆನೆದುಕೊಳ್ಳಿರಿ.