ಪೆಟ್ಟಿಗೆಯ ಮಹಿಮೆ

ಮೊನ್ನೆ ಶಿವಮೊಗ್ಗದ ಅಂಗಡಿಯೊಂದರಲ್ಲಿ ನಮ್ಮಣ್ಣನ ಮಗನಿಗೆ ಜ್ಞಾನೋದಯವಾಯಿತು. ಕಂಪ್ಯೂಟರಿನಲ್ಲಿ ಹಾಡು ಕೇಳುವವರು ‘ಡ್ಯಾಕ್’ ಎಂಬ ಪೆಟ್ಟಿಗೆಯನ್ನಿಟ್ಟುಕೊಳ್ಳದಿದ್ದರೆ ಕೇಳಿದ್ದೆಲ್ಲ ವ್ಯರ್ಥವಂತೆ. ಬೆಲೆ 22,000 ರೂಪಾಯಿ; ಅದಕ್ಕೊಪ್ಪುವ ಯುಎಸ್‌ಬಿ ತಂತಿಗೆ ಬೇರೆ 4,000. ಹಣ ಭದ್ರಾವತಿಯಲ್ಲಿರುವ ಅಣ್ಣನ ಉಳಿತಾಯದ್ದು, ಕೇಳಬೇಕಾದವನೂ ಅವನೇ. ಸುಮ್ಮನಿರಲು ನನ್ನಿಂದಾಗಲಿಲ್ಲ.

ಡ್ಯಾಕ್ ಎಂದರೆ ಮಂತ್ರವೇನಲ್ಲ. ಅಂಕಿಗಳಾಗಿರುವ ಹಾಡನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಸಾಧನ, ಅಷ್ಟೇ. ಹಾಡು ನುಡಿಸುವ ಕಂಪ್ಯೂಟರಿನೊಳಗೆ ಅದು ಆಗಲೇ ಇರುತ್ತದೆ. ಸಿ.ಡಿ.ಗಾಗಿ ಸೆಕೆಂಡಿಗೆ 44,100 ಸಲ ಅಲೆಯನ್ನಳೆದು ಬರೆಯುತ್ತಾರೆ. ಎಳೆಯ ಕಿವಿ ಹಿಡಿಯಬಲ್ಲ 20,000 ಹರ್ಟ್ಸ್‌ವರೆಗಿನ ನಾದಕ್ಕೆ ಅಷ್ಟು ಧಾರಾಳವಾಯಿತು. ಹೊಸ ಪೆಟ್ಟಿಗೆ 1,92,000 ಸಲದ ಲೆಕ್ಕವನ್ನೂ ಓದುತ್ತದಂತೆ. ಓದಲಿ! ಅಣ್ಣನಿಗೆ ಎಪ್ಪತ್ತೇಳು; ಮೂವತ್ತೈದು ವರ್ಷ ಕಬ್ಬಿಣದ ಕಾರ್ಖಾನೆಯ ಗದ್ದಲದಲ್ಲಿ ದುಡಿದವನು. ಮಾತಿನ ಸಕಾರವೇ ತಪ್ಪಿಹೋಗುವ ಆ ಕಿವಿಗೆ ಈ ವೈಭವವೇಕೆ?

ಅವನು ಕೇಳುವುದಾದರೂ ಏನು? 1965ರಲ್ಲಿ ಭದ್ರಾವತಿಗೆ ಆಕಾಶವಾಣಿ ಬಂದಾಗ ಹದಿನೇಳರ ಹುಡುಗ. ಅಂದು ಹಿಡಿದ ಭಾವಗೀತೆಯ ಹುಚ್ಚು ಇಂದಿಗೂ ಬಿಟ್ಟಿಲ್ಲ. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಕಾಡು ಕುದುರೆ’ ಚಿತ್ರದ ಹಾಡು ದಿನಕ್ಕೊಮ್ಮೆ ಆಗಲೇಬೇಕು. 1970ರ ದಶಕದ ಆ ಮುದ್ರಣದಲ್ಲಿಲ್ಲದ್ದನ್ನು ಯಾವ ತಂತಿ ತಂದುಕೊಟ್ಟೀತು? ಯುಎಸ್‌ಬಿಯಲ್ಲಿ ಹರಿಯುವುದು ಬರಿಯ ಅಂಕಿ. ಸರಿಯಾಗಿ ತಲುಪಿದರೆ ಮುಗಿಯಿತು. ತಪ್ಪಿದರೆ ಹಾಡು ತುಂಡುತುಂಡಾಗುತ್ತದೆ. ತಂತಿಗೆ ಬೆಳ್ಳಿ ಬಳಿದರೆ ಸುಬ್ಬಣ್ಣನವರ ಕಂಠವೇನೂ ಇಂಪೇರದು.

“ಅಂಗಡಿಯಲ್ಲಿ ನಾನೇ ಕೇಳಿದೆ ಚಿಕ್ಕಪ್ಪ, ಅಜಗಜಾಂತರ” ಎಂದ ಹುಡುಗ. ಹೊಸದರ ದನಿ ತುಸು ಜೋರಾಗಿತ್ತೇ ಎಂದೆ. ತಲೆ ಕೆರೆದುಕೊಂಡ. ಜೋರಾದದ್ದೇ ಚೆಂದವೆನಿಸುವುದು ಕಿವಿಯ ಸ್ವಭಾವ. ಎರಡನ್ನೂ ಒಂದೇ ಮಟ್ಟದಲ್ಲಿಟ್ಟು, ಇದು ಯಾವುದೆಂದು ಹೇಳದೆ ಕೇಳಿಸಿದರೆ ತಾನೆ ಪರೀಕ್ಷೆ! ಕಂಪ್ಯೂಟರಿನಿಂದ ಬರುವ ದನಿಯಲ್ಲಿ ಸುಂಯ್ ಎಂಬ ಗುಂಯ್ಗಾಟವಿದ್ದರೆ ಹೊರಗೊಂದು ಡ್ಯಾಕ್ ಇಡುವುದು ನ್ಯಾಯವೇ. ಅದಕ್ಕೆ ಅಗ್ಗದ್ದೂ ಸಾಕು. ಅಣ್ಣನ ಮನೆಯಲ್ಲಿ ಆ ಕಾಟವೂ ಇಲ್ಲ.

ಭಾನುವಾರ ಭದ್ರಾವತಿಗೆ ಹೋಗಿ ನೋಡಿದೆ. ಬೋಳು ಗೋಡೆ, ನುಣುಪು ನೆಲ, ಮೂಲೆಗೆ ಒತ್ತಿದ ಸ್ಪೀಕರುಗಳು. ಅದರಲ್ಲೊಂದು ಬೀರುವಿನ ಮರೆಯಲ್ಲಿ. ಕೇಳಿದರೆ ಬಾವಿಯೊಳಗಿನ ಮಾತು. ಎರಡನ್ನೂ ಗೋಡೆಯಿಂದ ಎರಡಡಿ ಈಚೆಗೆಳೆದು, ಕುಳಿತವನ ಕಿವಿಯ ಮಟ್ಟಕ್ಕೆ ಸ್ಟೂಲಿನ ಮೇಲಿಟ್ಟೆವು. ನೆಲಕ್ಕೆ ಜಮಖಾನ, ಎದುರು ಗೋಡೆಗೆ ಹಳೆಯ ಕಂಬಳಿ. ಅತ್ತಿಗೆ, “ಮನೆಯೇನು ಛತ್ರವೇ?” ಎಂದು ಗದರಿದರು. ಕಾಸು ಖರ್ಚಾಗಲಿಲ್ಲ.

ಹಾಡು ಮುಗಿದ ಮೇಲೆ ಅಣ್ಣ, ಎಷ್ಟೋ ವರ್ಷದಿಂದ ಜಾರಿಹೋಗುತ್ತಿದ್ದ ಪದವೊಂದು ಈಗ ಸಿಕ್ಕಿತೆಂದ.

ಆ 26,000ದಲ್ಲಿ ಮುಂದೆ ಒಳ್ಳೆಯ ಸ್ಪೀಕರು ಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಆದರೆ ಅಣ್ಣನನ್ನು ಎದುರಿಗೆ ಕೂರಿಸಿಕೊಂಡು, ಅವನ ಹಾಡನ್ನೇ ಹಾಕಿಸಿ ಕೊಳ್ಳಲಿ. ಅದಕ್ಕೂ ಮೊದಲು ಅವನ ಕಿವಿಯನ್ನು ವೈದ್ಯರಿಗೆ ತೋರಿಸಬೇಕು. ಕೇಳುವವರಾರು, ಅವರ ವಯಸ್ಸೆಷ್ಟು ಎಂದು ಅಂಗಡಿಯವನು ಒಂದು ಮಾತೂ ಕೇಳಲಿಲ್ಲವಂತೆ.